ಗೂಡಿನೊಳಗೆ ಗೂಡು

ಚಿನಕುರಳಿಯಾಚೆ, ನಾಲೆ ಮಗ್ಗುಲು ಬದಲಿಸುವಲ್ಲಿ,
ಸಣ್ಣತಮ್ಮಣ್ಣನ ಆಲೆಮನೆ.
ಒಲೆ ತಣಿದ ಮೇಲೆ ಹೋಗಿ ಬೂದಿ ಕೇಳಿದೆ.
"ಪಾತ್ರೆ ಉಜ್ಜಕ್ಕಾ?"
"ಮಣ್ಣಿಗೆ ಬಳಿಯೋಕೆ."
ಎರಡು ಮೂಟೆ ತುಂಬಿಸಿದ. ಕಾಸು ಮುಟ್ಟಲಿಲ್ಲ.
ಮೇಲೊಂದು ಬೆಲ್ಲದಚ್ಚು ಇಟ್ಟ,
ಕಬ್ಬಿನ ಮಕ್ಕಳಲ್ಲಿ ಒಂದನ್ನೇ ಕಳಿಸಬಾರದೆಂಬಂತೆ.

ಏಳು ನೀರಲ್ಲಿ ತೊಳೆದೆ ಆ ಬೂದಿಯ.
ಮೊದಲ ನೀರು ಅಂಗೈಯ ಗೆರೆ ತಿಂದಿತು,
ಮೂರನೆಯದು ಉಗುರಸಂದಿಯಲ್ಲಿ ಉರಿಯಿತು,
ಏಳನೆಯದಕ್ಕೆ ಹೇಳುವುದೇನೂ ಉಳಿದಿರಲಿಲ್ಲ.
ಹಳೆ ಪಂಚೆಯಲ್ಲಿ ಸೋಸಿ, ಬಿಸಿಲಿಗಿಟ್ಟು,
ಬೂದಿ ಎರಡು, ಜೇಡಿ ಒಂದು, ಬೆಣಚುಕಲ್ಲ ಹುಡಿ ಒಂದು:
ಉಪ್ಪು ನೋಡಲಾಗದ ಅಡುಗೆ.

ಗೂಡುಗಳನ್ನು ಮೊದಲೇ ಕಟ್ಟಿದ್ದೆ, ನಲವತ್ತೊಂದು.
ಗೀಜಗನ ಅಳತೆ ಹಿಡಿದು
ಮೇಲೆ ಸಣ್ಣ ಕುತ್ತಿಗೆ, ನಡುವೆ ಬಸಿರು, ಕೆಳಗೆ ಉದ್ದ ಬಾಗಿಲು.
ಹಸಿ ಮೈಮೇಲೆ ಕಬ್ಬಿನ ಗರಿಯ ಅಂಚಿನಿಂದ
ಎಳೆ ಎಳೆಯಾಗಿ ಗೀರಿದೆ,
ಹಕ್ಕಿ ಸೀಳಿದ ಹುಲ್ಲಿನ ಹಾಗೆ ಕಾಣಲೆಂದು.
ಗರಿ ನನ್ನ ಬೆರಳನ್ನೂ ಗೀರಿತು.
ಹದಿನಾರನೆಯ ಗೂಡಿನ ಬೆನ್ನಲ್ಲಿ ಒಂದು ಕೆಂಪು ಚುಕ್ಕೆ.
ಬೆಂಕಿ ಅದನ್ನು ಉಳಿಸಲಿಲ್ಲ.

ಸುಟ್ಟದ್ದು ಮೈಸೂರಲ್ಲಿ, ಕುಂಬಾರಕೊಪ್ಪಲಲ್ಲಿ,
ಚೆಲುವಶೆಟ್ಟರ ಹಿತ್ತಲ ಗ್ಯಾಸಿನ ಗೂಡಲ್ಲಿ.
ಇಟ್ಟಿಗೆ ಬೇಯುವುದೂ ಗೂಡೇ, ಮೊಟ್ಟೆ ಒಡೆಯುವುದೂ ಗೂಡೇ;
ನಮ್ಮ ಮಾತಿಗೆ ಎರಡೂ ಕಾವು.
ಮೂರನೆಯ ದಿನ ಬಾಗಿಲು ತೆಗೆದಾಗ
ಶೆಟ್ಟರು ಒಂದೊಂದನ್ನೂ ಬೆರಳ ಗೆಣ್ಣಲ್ಲಿ ಬಡಿದು
ಕಿವಿಗೊಟ್ಟರು.
"ಇದು ಮಾತಾಡ್ತದೆ. ಇದಕ್ಕೆ ದನಿಯಿಲ್ಲ.
ಇದು ಸುಳ್ಳು ಹೇಳ್ತದೆ, ಮಳೆಗಾಲ ದಾಟಲ್ಲ."
ಒಂಬತ್ತನ್ನು ಗೋಡೆಯ ಪಕ್ಕಕ್ಕಿಟ್ಟರು.

ನಾನು ಬೇಡಿದ್ದು ಒಣಹುಲ್ಲಿನ ಹಳದಿ.
ಬಂದದ್ದು
ನಾಲೆಗೆ ನೀರು ಬಿಟ್ಟ ಮೊದಲ ದಿನದ ಬಣ್ಣ,
ಮಣ್ಣೂ ಅಲ್ಲ, ಹಸಿರೂ ಅಲ್ಲ,
ಕಸ ಹೊತ್ತು ಓಡುವ ಅವಸರದ ಬಣ್ಣ.
ಗೀರುಗಳಲ್ಲಿ ಕಟ್ಟಿಕೊಂಡು, ಇಳಿದು,
ಬಾಗಿಲ ತುದಿಗೆ ಬಂದು
ಬೀಳಲೋ ಬೇಡವೋ ಎಂದು ನಿಂತ ಒಂದೊಂದು ಹನಿ,
ಗಾಜಾಗಿ.

ಉಳಿದ ಮೂವತ್ತೆರಡನ್ನು
ನಾಲೆಯ ಮೇಲೆ ಬಾಗಿದ ಜಾಲಿಗೆ
ತೆಂಗಿನ ನಾರಿನ ಹಗ್ಗದಲ್ಲಿ ಇಳಿಬಿಟ್ಟೆ,
ಗಾಳಿಗೆ ಒಂದಕ್ಕೊಂದು ತಾಕದಷ್ಟು ದೂರ.
ಬಟ್ಟೆ ಒಗೆಯುತ್ತಿದ್ದ ಸಾಕವ್ವ ತಲೆಯೆತ್ತಿದಳು.
"ಚೆಂದಾಗವೆ ಕಣವ್ವ.
ಇದ್ರೊಳಗೆ ಮೊಟ್ಟೆ ಯಾರಿಕ್ತಾರೆ?"
ನನ್ನ ಚೀಲದಲ್ಲೊಂದು ಹಾಳೆಯಿತ್ತು,
'ಪ್ರಕೃತಿಯೊಡನೆ ಸಂವಾದ' ಎಂದು ಶುರುವಾಗುವಂಥದು.
ಅಲ್ಲೇ ಇರಲಿ ಅಂದುಕೊಂಡೆ.

ಶ್ರಾವಣದಲ್ಲಿ ನಿಜದ ಗೀಜಗಗಳು ಬಂದವು.
ಬಾಗಿಲಲ್ಲಿ ಇಣುಕಲೂ ಇಲ್ಲ.
ಹಳದಿ ತಲೆಯದೊಂದು ಹಗ್ಗದ ಮೇಲೆ ಕೂತು
ನಾರನ್ನು ಎಳೆ ಎಳೆಯಾಗಿ ಬಿಡಿಸಿಕೊಂಡು ಹೋಗಿ
ಪಕ್ಕದ ಮರದಲ್ಲಿ ತನ್ನದನ್ನು ನೇಯತೊಡಗಿತು.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ.
ಕೊಕ್ಕಿಗೆ ಹನ್ನೊಂದು ದಿನ.
ಹದಿನಾರನೆಯದು ನಾಲೆಗೆ ಬಿತ್ತು.
ನಾನು ದಡದಲ್ಲೇ ಇದ್ದೆ. ಸದ್ದೇನೂ ದೊಡ್ಡದಲ್ಲ,
ಬಿಂದಿಗೆ ಮುಳುಗಿಸಿದಷ್ಟು.

ಕಟ್ಟುನೀರಿನ ಸರದಿ ಮುಗಿದು ನಾಲೆ ನಿಂತಾಗ
ಸಾಕವ್ವನ ಮೊಮ್ಮಗಳ ಫೋನು, ಹಿಂದೆ ಅಜ್ಜಿಯ ದನಿ:
"ನಿನ್ ಗೂಡು ಸಿಕ್ತು. ಕೆಸರಲ್ಲಿ ಹೂತ್ಕಂಡಿತ್ತು.
ಒಳಗೊಂದು ಏಡಿ ಸೇರ್ಕಂಡದೆ, ಹೊಟ್ಟೆ ತುಂಬ ಮರಿ.
ಸಾರಿಗಾಯ್ತದೆ ಅಂತ ಕೈಯಿಕ್ಕಿದೆ,
ಆಮೇಕೆ ಬ್ಯಾಡ ಅಂತ ಬಿಟ್ಟೆ."

ಭಾನುವಾರ ಹೋದೆ.
ಗೀರುಗಳ ತುಂಬ ಗೋಡು.
ನಾನು ಬಳಿದದ್ದೆಷ್ಟು, ನಾಲೆ ಬಳಿದದ್ದೆಷ್ಟು,
ಒದ್ದೆ ಬೆರಳಿಗೆ ತಿಳಿಯಲಿಲ್ಲ.
ಒಳಗಿನಿಂದ ಒಂದು ಇಕ್ಕಳಗಾಲು ಹೊರಬಂದು
ನನ್ನ ನೆರಳನ್ನು ಗದರಿಸಿ ಒಳಹೋಯಿತು.
ಬಾಗಿಲ ತುದಿಯ ಹನಿ
ಇನ್ನೂ ಬಿದ್ದಿರಲಿಲ್ಲ.