ಮುನ್ನೂರು ಮೀಟರು

ಬೂಟು ಇಲ್ಲೇ ಬಿಡಿ, ಈ ಏರಿಯ ಹುಲ್ಲಿನ ಮೇಲೆ.
ಕುರಿಗಳು ಮೂಸುತ್ತವೆ, ಕದಿಯುವುದಿಲ್ಲ.
ಮಾವ ಮೊಮ್ಮೆ ಹೀಗೇ ಶುರುಮಾಡುತ್ತಿದ್ದ, ನಲವತ್ತು ಬೇಸಿಗೆ.
ಅವನ ಮಂಡಿ ಸೋತ ಮೇಲೆ ಇದು ನನ್ನ ಮೊದಲ ನಡಿಗೆ;
ಅವನದೇ ಮಾತು, ಅವನ ನಾಲ್ಕು ಹಲ್ಲಿನ ಗೋರೆ,
ಅವನ ಹಳೇ ಗಡಿಯಾರ, ಬೆನ್ನ ಹಿಂದೆ ಹನ್ನೊಂದು ಜನ,
ಮುಂದೆ, ಕಡಲು ಆಗಷ್ಟೇ ಎದ್ದುಹೋದ ಹಾಸಿಗೆ.

ಇನ್ನೂ ಬೆಚ್ಚಗಿತ್ತು.

ಮೊದಲು ಎಲ್ಲರೂ ಕಿರುಚುತ್ತಾರೆ, ಆಮೇಲೆ ನಗುತ್ತಾರೆ,
ಕಣಕಾಲು ಮುಳುಗಿದ ಮೇಲೆ ಸುಮ್ಮನಾಗುತ್ತಾರೆ.
ಕೆಸರು ಒಬ್ಬೊಬ್ಬರನ್ನೂ ಹಿಡಿದು ತೂಗಿ
ಲೆಕ್ಕ ಬರೆದುಕೊಂಡು ಬಿಡುತ್ತದೆ.

ಒಂದು ಗೋರೆ ಮಣ್ಣು ಮಗುಚಿ ತೋರಿಸಿದೆ:
ಮರಳನ್ನೇ ಉಂಡು, ಮರಳನ್ನೇ ಒತ್ತುಶಾವಿಗೆ ಮಾಡಿ
ಬಾಗಿಲ ಮುಂದೆ ಸುತ್ತಿಡುವ ಹುಳು.
'ಇಷ್ಟೇನಾ ಇದರ ಕಸುಬು?' ಅಂದ ಡಾರ್ಟ್‌ಮುಂಡಿನವನು.
ಇಷ್ಟೇ.
ಈ ಬಯಲನ್ನೆಲ್ಲ ತಮ್ಮ ಹೊಟ್ಟೆಯೊಳಗಿಂದ ದಾಟಿಸುವುದು,
ತಲೆ ಹೊರಗೆ ಹಾಕಿದರೆ ಯಾವುದಾದರೂ ಕೊಕ್ಕಿಗೆ ಸಿಗುವುದು.

ಪಶ್ಚಿಮಕ್ಕೆ ಉಲ್ಲಂಕಿಗಳ ಹಿಂಡು ಎದ್ದಿತು,
ಯಾರೋ ಸೆರಗು ಕೊಡವಿದ ಹಾಗೆ, ಒಮ್ಮೆ ಕಂದು, ಒಮ್ಮೆ ಬೆಳ್ಳಗೆ,
ಒಮ್ಮೆ ಏನೂ ಇಲ್ಲ.
ಕ್ಯಾಮೆರಾಗಳು ಆ ಏನೂ ಇಲ್ಲದ್ದನ್ನೇ ಹಿಡಿದವು.

ಆಗ ಕೇಳಿಸಿತು.
ಕಾಲುವೆಯಾಚೆ ಮರಳದಿಬ್ಬದ ಮೇಲೊಂದು ಬೂದು ಗಂಟು,
ಎರಡು ಕಣ್ಣು, ಬಾಯಿತುಂಬ ಅಳು.
ತಾಯಿ ಬಳಿಯಿಲ್ಲದ ಕಡಲನಾಯಿಮರಿಗೆ
ನಮ್ಮ ಮಾತಿನಲ್ಲಿ ಅಳುಬುರುಕ ಅಂತಲೇ ಹೆಸರು.

'ಮುನ್ನೂರು ಮೀಟರು' ಅಂದ ಫೋನಿನಲ್ಲಿ ಬಾಂಡಿಕ್ಸ್,
ಕಡಲನಾಯಿಗಳ ಕಾವಲಿನವನು.
'ಜನರನ್ನು ಎಳೆದುಕೊಂಡು ಹೋಗು ಗೇಷೆ. ಅವಳು ಮೀನಿಗೆ ಹೋಗಿರಬಹುದು,
ನಿಮ್ಮನ್ನು ನೋಡಿಯೇ ಬರದೆ ನಿಂತಿರಬಹುದು.'
ಇರಬಹುದು, ಇರಬಹುದು.

ಹತ್ತು ಜನ ತಿರುಗಿದರು.
ರೋಸ್ವೀಟಾ ಮಾತ್ರ ಕೆಸರಿಗೆ ನೆಟ್ಟ ಗೂಟ.
'ಮೂವತ್ತೊಂದು ವರ್ಷ ನಾನು ದಾದಿ, ತಿಂಗಳು ತುಂಬದ ಕೂಸುಗಳ ವಾರ್ಡು.
ಅಳು ಕೇಳಿದರೆ ಈ ಕಾಲು ಅತ್ತಲೇ ಹೋಗುತ್ತದೆ,
ಬೇರೆ ದಿಕ್ಕು ಇದಕ್ಕೆ ಯಾರೂ ಕಲಿಸಿಲ್ಲ.'
ಕೈ ಹಿಡಿದೆ. ತಣ್ಣಗಿತ್ತು, ಬಲವಾಗಿತ್ತು.
ನಾವಿಬ್ಬರೂ ಹೆಜ್ಜೆ ಎಣಿಸಿದೆವು,
ಅವಳು ಜೋರಾಗಿ, ನಾನು ಮನಸ್ಸಿನಲ್ಲಿ,
ಇನ್ನೂರ ಹತ್ತರ ಬಳಿ ಅವಳ ಎಣಿಕೆ ಒಡೆಯಿತು.

ಅಷ್ಟರಲ್ಲಿ ಕಾಲುವೆಗಳು ತುಂಬತೊಡಗಿದ್ದವು,
ಸದ್ದಿಲ್ಲದೆ, ಹಿಂದಿನಿಂದ, ಸಾಲಗಾರನನ್ನು ಹುಡುಕಿ ಬರುವವರಂತೆ.

ಏರಿ ಹತ್ತಿ ಕಾಲು ತೊಳೆದು ದುರ್ಬೀನು ಹಿಡಿದೆ.
ದಿಬ್ಬ ಇದ್ದಲ್ಲಿ ನೀರು.
ನೀರಿನಲ್ಲಿ ಒಂದು ತಲೆ ಕಂಡಂತಾಯಿತು, ಎರಡು ಅನ್ನಿಸಿತು.
ಅಲೆಯೂ ಬೆನ್ನು ತೋರಿಸುತ್ತದೆ.
ರೋಸ್ವೀಟಾ ಏನೂ ಕೇಳಲಿಲ್ಲ. ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು
ಬಹಳ ಹೊತ್ತು ಕೂತಿದ್ದಳು, ಕುರಿಯೊಂದು ಇನ್ನೊಂದನ್ನು ಮೂಸುತ್ತಿತ್ತು.

ಅಡುಗೆಮನೆಯಲ್ಲಿ ಮೊಮ್ಮೆ ಆಲೂಗಡ್ಡೆ ಸುಲಿಯುತ್ತಿದ್ದ.
'ಎಷ್ಟು ಜನ ಹೋದಿರಿ?'
'ನನ್ನ ಬಿಟ್ಟು ಹನ್ನೊಂದು.'
'ಬಂದವರು?'
'ಹನ್ನೊಂದು.'
ಚಾಕು ಒಂದು ಸುತ್ತು ನಡೆಯಿತು. 'ಅಳುತ್ತಿತ್ತಾ?'
ಬಾಂಡಿಕ್ಸ್ ಹೇಳಿಬಿಟ್ಟಿದ್ದಾನೆ.
'ಅಳುತ್ತಿತ್ತು.'
'ಹಾಗಾದರೆ ಮೈಯಲ್ಲಿ ಕಸುವಿತ್ತು' ಅಂದ,
ಸಮಾಧಾನಕ್ಕೋ, ನಿಜವೋ,
ಅವನ ದನಿಯಲ್ಲಿ ಎರಡಕ್ಕೂ ಒಂದೇ ಉಪ್ಪು.

ರಾತ್ರಿ ಎರಡೂಕಾಲಿಗೆ ಮತ್ತೆ ಇಳಿತ.
ಎಚ್ಚರವಾಗಿ ಕಿಟಕಿ ತೆರೆದೆ.
ನನ್ನ ಕಾಲುಗುರುಗಳಲ್ಲಿ ಕೆಸರು ಕಪ್ಪಗೆ ಉಳಿದಿತ್ತು.
ಬಯಲಿನಲ್ಲಿ ಯಾರೂ ಇರಲಿಲ್ಲ,
ಮುನ್ನೂರು ಮೀಟರಿಗೂ ಆಚೆ, ಮೂರು ಸಾವಿರಕ್ಕೂ ಆಚೆ,
ಯಾರು ಯಾರ ಬಳಿಗೆ ಬರುವುದಾದರೂ
ಈಗ ಬರಬಹುದಿತ್ತು.