ಬಾಯ್ಲರಿನವನ ಲೆಕ್ಕ

ಇಪ್ಪತ್ತೆರಡು ಚಳಿಗಾಲ ಈ ಶಾಲೆಯ ಹೊಟ್ಟೆಗೆ
ಬೆಂಕಿ ಉಣಿಸಿದ್ದೇನೆ.
ನಸುಕಿನ ಮೂರಕ್ಕೆ ಎದ್ದು, ಕಂದೀಲು ಹಿಡಿದು,
ಗಡ್ಡೆಕಟ್ಟಿದ ದಾರಿಯಲ್ಲಿ ಮುದಿಗತ್ತೆಯ ಹಾಗೆ ಕಾಲೂರುತ್ತ
ಬಂದು ಸಲಿಕೆ ಎತ್ತಿದರೆ
ಎಂಟಕ್ಕೆ ಮಕ್ಕಳು ಸೇರುವ ಹೊತ್ತಿಗೆ
ಕೊಳವೆಗೆ ಬೆನ್ನು ಕೊಟ್ಟು ಕೂರುವಷ್ಟು ಬಿಸಿ. ಅಷ್ಟೇ.
ಎರಡು ಮಾರು ಆಚೆಯ ಬೆಂಚಿಗೆ ಅದೂ ಇಲ್ಲ.

ವರ್ಷಕ್ಕೆ ಮೂವತ್ತು ಟನ್ನು ಕಲ್ಲಿದ್ದಲು.
ಲಾರಿ ಬಂದು ಆಟದ ಬಯಲಿನ ಮೂಲೆಗೆ ಸುರಿದು ಹೋಗುತ್ತಿತ್ತು.
ಅರ್ಧಕ್ಕರ್ಧ ಬಿಸಿ ಗೋಡೆಯ ಬಿರುಕಲ್ಲಿ, ಕಿಟಕಿಯ ಸಂದಲ್ಲಿ ನುಸುಳಿ
ಬೆಟ್ಟ ಕಾಯಿಸಲು ಹೋಗುತ್ತಿತ್ತು.
ನಮ್ಮ ನಾರಿನ್ ಸೀಮೆಯ ಬೆಟ್ಟಗಳೋ
ಇವತ್ತಿನವರೆಗೆ ಯಾರ ಬೆಂಕಿಗೂ ಕರಗಿದವಲ್ಲ.

ಇನ್ನು ಹೊಗೆ.
ನವೆಂಬರಿನ ಎರಡನೆಯ ವಾರಕ್ಕೆಲ್ಲ
ಶಾಲೆಯ ಸುತ್ತಣ ಹಿಮಕ್ಕೆ ಬೂದಿ ಬಳಿದ ಬಣ್ಣ.
ಒಂದನೆಯ ತರಗತಿಯವರು ಹಿಮ ಬರೆಯಲು
ಸೀಸದಕಡ್ಡಿ ಎತ್ತಿಕೊಳ್ಳುತ್ತಿದ್ದರು,
ಯಾರೂ ಹೇಳಿಕೊಡದೆ.
ಬೆಗಾಯಿಮಳ ಕೆಮ್ಮು ಬಾಯ್ಲರ್ ಕೋಣೆಯವರೆಗೆ ಕೇಳುತ್ತಿತ್ತು.
ಕೇಳುತ್ತದೆಂದು ನಾನು ಯಾರಿಗೂ ಹೇಳಿರಲಿಲ್ಲ.

ಐಜಾರ್ಕಿನ್ ಟೀಚರು ಒಂದು ಸೋಮವಾರ
ಕಿಟಕಿಗೆ ಬಿಳಿ ಕರವಸ್ತ್ರ ಕಟ್ಟಿದರು.
ಶುಕ್ರವಾರ ಬಿಚ್ಚಿ ತಂದು ಊರಸಭೆಯ ಮೇಜಿನ ಮೇಲೆ ಹರಡಿದರು.
ಮಾತಾಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.
ನೋಡಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಬಾಯಿ ಬಿಟ್ಟವಳು ಬತ್ಮಾ ಅಜ್ಜಿ:
“ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲವೆಂದು
ಜೂನಿಗೆ ಜೂನಿಗೆ ಉಣ್ಣೆ ಹಳ್ಳಕ್ಕೆ ಎಸೆಯುತ್ತೀರಿ.
ಗುಡಾರಕ್ಕೆ ಉಡಿಸುವುದನ್ನು ಶಾಲೆಗೆ ಉಡಿಸಿದರೆ
ಶಾಲೆ ಬೇಡವೆನ್ನುತ್ತದೆಯೇ?”

ಆ ಬೇಸಿಗೆಯಿಡೀ ಹೊಳೆದಂಡೆಯಲ್ಲಿ ಕುರಿವಾಸನೆ.
ತೊಳೆದರು, ಒಣಗಿಸಿದರು, ಹಿಂಜಿದರು.
ಮಕ್ಕಳು ಮೊಣಕಾಲುದ್ದ ಉಣ್ಣೆಯಲ್ಲಿ ಮುಳುಗಿ ಎದ್ದರು.
ಗೋಡೆಗೆ ಹಲಗೆ ಹೊಡೆದು ಒಳಗೆ ತುಂಬಿದರು,
ಅಟ್ಟಕ್ಕೆ ಎರಡು ಗೇಣು ದಪ್ಪ.
ನಾನು ಏಣಿ ಹಿಡಿದೆ.
ಹಿಡಿದದ್ದು ಕೈ ಮಾತ್ರ.
ಬೆಂಕಿ ಬೇಡವಾದ ಮನೆಯಲ್ಲಿ
ಬೆಂಕಿಯವನಿಗೆ ಏನು ಕೆಲಸ?

ಡಿಸೆಂಬರ್. ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಆ ರಾತ್ರಿ ನಾನು ಒಲೆ ಹಚ್ಚಲಿಲ್ಲ.
ಬೇಕೆಂದೇ.
ಗೋಣಿಯ ಮೇಲೆ ಕೋಟು ಹೊದ್ದು ಕೂತೆ,
ನೋಡೇಬಿಡೋಣ ಕುರಿಗಳ ಕೈಗುಣ, ಎಂದು.
ಐದಕ್ಕೆ ಕೊಡಲಿ ಹಿಡಿದು ಮೂರನೆಯ ತರಗತಿಯ ಬಾಗಿಲು ತೆರೆದೆ.
ಅಲ್ಲೊಂದು ಬಕೆಟ್ಟು, ಪ್ರತಿ ಚಳಿಗಾಲವೂ
ಅದರ ಮೇಲಿನ ಗಡ್ಡೆ ಒಡೆಯುವುದು ನನ್ನ ಮೊದಲ ಕೆಲಸ.
ಕೊಡಲಿಯ ಹಿಂಬದಿ ಎತ್ತಿದೆ.

ನೀರು ಅಲುಗಿತು.

ಕತ್ತಲಲ್ಲಿ ನಿಂತೆ.
ನಿನ್ನೆ ಮಧ್ಯಾಹ್ನ ಇಪ್ಪತ್ತಾರು ಮಕ್ಕಳು
ಬಾಯಿಪಾಠ ಹೇಳಿ ಬಿಟ್ಟುಹೋದ ಉಸಿರು
ಇನ್ನೂ ಕೋಣೆಯಲ್ಲೇ ಇತ್ತು,
ಮನೆಗೆ ಹೋಗಲು ಮರೆತ ಹುಡುಗನ ಹಾಗೆ.

ಓಡಿಹೋಗಿ ನಾಲ್ಕು ಸಲಿಕೆ ಹಾಕಿದೆ. ನಾಲ್ಕೇ.
ಎಂಟಕ್ಕೆ ಮಕ್ಕಳು ಕೋಟು ಬಿಚ್ಚಿ ಬೆಂಚಿಗೆ ಎಸೆದರು.
ಟೀಚರಿಗೆ ಇದನ್ನು ಇನ್ನೂ ಹೇಳಿಲ್ಲ.

ಈ ವರ್ಷ ಒಂಬತ್ತು ಟನ್ನು ಸಾಕಾಯಿತು.
ಸಂಬಳವೂ ಮುಕ್ಕಾಲಾಯಿತು. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.
ನನ್ನ ಹೆಂಡತಿ ಜಿರ್ಗಲ್ ಸೇರಿಸುತ್ತಾಳೆ,
ದಿನಕ್ಕೆರಡು ಸಲ.
ಬೆಗಾಯಿಮ್ ಇನ್ನೂ ಕೆಮ್ಮುತ್ತಾಳೆ, ಮೊದಲಿನಷ್ಟಲ್ಲ.
ಅಂಗೈ ಗೆರೆಗಳ ಕಪ್ಪು ಹೋಗುವ ಲಕ್ಷಣವಿಲ್ಲ.

ಮೊನ್ನೆ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದೆ. ಕೆಲಸವಿರಲಿಲ್ಲ.
ಚೋಟುದ್ದದ ಸಿಮಿಕ್ ಹಿಡಿಯಷ್ಟು ಹಿಮ ಬಾಚಿ ಬಾಯಿಗೆ ತುರುಕಿದ.
“ಥೂ, ಉಗುಳು!” ಎನ್ನಲು ಬಾಯಿ ತೆರೆದೆ,
ಇಪ್ಪತ್ತೆರಡು ವರ್ಷದ ಅಭ್ಯಾಸ.
ತೆರೆದ ಬಾಯಿ ಹಾಗೇ ಉಳಿಯಿತು.

ನನಗೂ ಬೇಕೆಂದುಕೊಂಡ ಅವನು.
ಬಾಚಿ ತಂದು ನನ್ನ ಬಾಯಿಗೂ ಇಟ್ಟ.

ತಣ್ಣಗಿತ್ತು.
ಬೇರೆ ರುಚಿ ಏನೂ ಇರಲಿಲ್ಲ.