ಎಪ್ಪತ್ನಾಲ್ಕು

ಅಣ್ಣನಿಗೆ ಕಂಡದ್ದು ಇಪ್ಪತ್ತೊಂದು.
ಹುಬ್ಬಳ್ಳಿಯ ಕಣ್ಣಿನ ದವಾಖಾನೆಯಲ್ಲಿ
ಚುಕ್ಕಿ ಚುಕ್ಕಿಯ ಆ ಪುಸ್ತಕ ಹಿಡಿದು ಡಾಕ್ಟರು
ಪುಟ ತಿರುವಿದರು, ಏನೂ ಅನ್ನದೆ.
ಪಕ್ಕದ ಸ್ಟೂಲಿನ ಮೇಲೆ
ಅವನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ ನನಗೆ
ಎಪ್ಪತ್ನಾಲ್ಕು ಕಂಡಿತು.
ಬಾಯಿ ಬಿಡಲಿಲ್ಲ.

ಆಮೇಲೆ ಬೆಟಗೇರಿಯ ಮನೆಯಲ್ಲಿ
ಹಳೆಯದೆಲ್ಲ ಒಂದೊಂದಾಗಿ ಬಿಚ್ಚಿಕೊಂಡಿತು:
ಹತ್ತು ವರ್ಷದವನಿದ್ದಾಗ ಅವ ಕಂಡಿಕೆ ಸುತ್ತಿಕೊಟ್ಟು
ಕೆಂಪು ದಡಿಯಲ್ಲಿ ಗಿಣಿಹಸಿರು ನುಗ್ಗಿ
ಅರ್ಧ ಮೊಳ ಸೀರೆ ಬಿಚ್ಚಬೇಕಾದದ್ದು,
"ಲಕ್ಷ್ಯ ಎಲ್ಲೈತಿ ನಿಂದು?" ಅಂತ ಅಪ್ಪ ಹೊಡೆದದ್ದು.
ಲಕ್ಷ್ಯ ಮೇಲಿತ್ತು,
ಮಗ್ಗದ ಕೋಣೆಯ ಬೆಳಕಿಂಡಿಯಲ್ಲಿ
ಬೆಳ್ಳಗೆ ಗೆರೆ ಎಳೆದು ಹೋಗುವುದರ ಮೇಲೆ.
ಈಗ ಅಪ್ಪ ಆ ಮಾತು ಎತ್ತುವುದಿಲ್ಲ.
ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕೆಂದು
ಅವ್ವನಿಗೆ ಕಣ್ಸನ್ನೆ ಮಾಡುತ್ತಾನೆ.

ಕೂಡಿಸಿದ ರೊಕ್ಕ ಹಾಗೇ ಇದೆ.
ನರಸಾಪುರದ ಕಡೆ ಜಾಗ ಮಾರಿದ್ದು, ಸೊಸೈಟಿಯಲ್ಲಿ ಎತ್ತಿದ್ದು,
ಸೋದರಮಾವ ಮುಳಗುಂದದಿಂದ ತಂದುಕೊಟ್ಟದ್ದು.
ಮೊನ್ನೆ ಊಟಕ್ಕೆ ಕೂತಾಗ ದಶರಥ ಅಂದ,
ಉಪ್ಪಿನಕಾಯಿ ಕೇಳಿದಷ್ಟು ಸಹಜವಾಗಿ:
"ಶಾಕಿ ಹೋಗ್ಲಿ.
ಫಿಜಿಕ್ಸ್ ಐತಿ, ಮ್ಯಾಥ್ಸ್ ಐತಿ, ಕಣ್ಣೈತಿ."
ಅವ್ವನ ಕೈಯಲ್ಲಿ ಸೌಟು ನಿಂತಿತು.
ಅಜ್ಜಿ ಮಾತ್ರ ಕೇಳಿದಳು, "ಮ್ಯಾಲೆ ಕಕ್ಕಸ ಇರತೈತೇನ?"

ಅಂದಿನಿಂದ ಎಲ್ಲರಿಗೂ ಒಂದೇ ಉತ್ತರ: ವಿಚಾರ ಮಾಡ್ತೀನಿ.
ಐವತ್ತೈದು ಲಕ್ಷ ಅಂದರೆ ಎಷ್ಟು ಸೀರೆ,
ಒಂದು ರಾತ್ರಿ ಲೆಕ್ಕ ಹಾಕಿದೆ.
ಮಜೂರಿ ಏಳುನೂರರಂತೆ ಏಳು ಸಾವಿರದ ಎಂಟುನೂರು ಚಿಲ್ಲರೆ.
ಎರಡು ದಿನಕ್ಕೊಂದು ಇಳಿದರೆ ನಲವತ್ತಮೂರು ವರ್ಷ,
ಅಮಾವಾಸ್ಯೆಗೂ ಮಗ್ಗ ನಿಲ್ಲಿಸದೆ.
ಇನ್ನೂರು ತಾಸು ಹಾರಿಯೂ
ಕೆಲಸ ಸಿಗದೆ ಮನೆಯಲ್ಲಿ ಕೂತವರ ಸುದ್ದಿಯನ್ನು
ಅಣ್ಣನೇ ಓದಿ ಹೇಳಿದ, ಏನೂ ಮುಚ್ಚಿಡದೆ.
ರನ್‌ವೇ ಪಕ್ಕ ನಾಲ್ಕು ದೀಪ ಇರುತ್ತವಂತೆ:
ನಾಲ್ಕೂ ಬಿಳಿ ಅಂದರೆ ಬಹಳ ಮೇಲಿದ್ದಿ,
ನಾಲ್ಕೂ ಕೆಂಪು ಅಂದರೆ ಬಹಳ ಕೆಳಗೆ,
ಎರಡು ಎರಡು ಇದ್ದರೆ ಬಾ, ದಾರಿ ಸರಿ ಇದೆ.
ಹೇಳುವಾಗ ಅವನ ಕೈ ತಾನೇ ಇಳಿಯುತ್ತಿತ್ತು,
ಮೆಲ್ಲಗೆ, ಚಾಪೆಯ ಮೇಲೆ,
ಚೂರೂ ಸಪ್ಪಳವಿಲ್ಲದೆ.

ಹೆದರಿಕೆಗೆ ನಾನಿಟ್ಟ ಹೆಸರು ರೊಕ್ಕ.
ಬಣ್ಣದ ಹಂಡೆಯ ಮುಂದೆ, ಹೊಗೆಯಲ್ಲಿ,
ಒಬ್ಬಳೇ ಇದ್ದಾಗ ಬೇರೆಯದೇ ಗೊತ್ತಾಗುತ್ತದೆ:
ಆ ಸ್ಟೂಲಿನ ಮೇಲೆ ಕೂತಾಗಲೇ
ನನಗೆ ಬೇಕು ಅನ್ನಿಸಿತ್ತು.
ಅವನ ಇಪ್ಪತ್ತೊಂದು
ಇನ್ನೂ ಆ ಕೋಣೆಯ ಗಾಳಿಯಲ್ಲಿರುವಾಗಲೇ,
ಅವನ ಚೀಲ ನನ್ನ ತೊಡೆಯ ಮೇಲಿರುವಾಗಲೇ.

ನಿನ್ನೆ ಟ್ಯೂಷನ್ ರೊಕ್ಕ ತೆಗೆದುಕೊಂಡು
ಯಾರಿಗೂ ಹೇಳದೆ ಮುಂಜಾನೆಯ ಪ್ಯಾಸೆಂಜರ್ ಹತ್ತಿದೆ.
ಅಣ್ಣಿಗೇರಿಯಲ್ಲಿ ಸಿಗ್ನಲ್ ಕೆಂಪಿತ್ತು, ಬಹಳ ಹೊತ್ತು.
ಅದೇ ಡಾಕ್ಟರು, ಅದೇ ಪುಸ್ತಕ,
ಮೂಲೆ ಸವೆದ ಅದೇ ಪುಟ.
ಈ ಸಲ ಬಾಯಿ ಬಿಟ್ಟು ಹೇಳಿದೆ.
ಸಂತೆಯಲ್ಲಿ ಯಾರೋ ರೇಟು ಕೂಗಿದ ಹಾಗೆ ಕೇಳಿಸಿತು.

ಸಂಜೆ ಗದಗ ಸ್ಟೇಶನ್ನಿನ ಹೊರಗೆ
ಸ್ಕೂಟರ್ ನಿಲ್ಲಿಸಿಕೊಂಡು ಅಣ್ಣ ನಿಂತಿದ್ದ.
ಯಾರು ಹೇಳಿದರೋ.
ನಾನು ಆರಿಸಿಕೊಟ್ಟ ನೀಲಿ ಅಂಗಿ.
"ಎಷ್ಟು ಕಂಡಿತು?"
ಹೇಳಿದೆ.
ತುಸು ತಡೆದು ಕೇಳಿದ,
"ಹೆಂಗ ಕಾಣತೈತಿ ಅದು? ತೋರ್ಸು."
ಹಿಂದಿನ ಸೀಟಿನ ಮೇಲೆ ಕೆಂಪು ದೂಳಿತ್ತು.
ಬೆರಳಿನಿಂದ ಏಳು ಬರೆದೆ, ಅದರ ಪಕ್ಕ ನಾಲ್ಕು.
ಬಗ್ಗಿ ನೋಡಿದ,
ಒಂದು ಬಸ್ಸು ತಿರುಗಿ ಹೋಗುವಷ್ಟು ಹೊತ್ತು.
ಆಮೇಲೆ ಮುಂದೆ ಕೂತು ಕಿಕ್ ಹೊಡೆದ.
"ಹತ್ತು," ಅಂದ.
ಒಂದು ಕ್ಷಣ
ಅದನ್ನೂ ಅಂಕಿ ಅಂದುಕೊಂಡೆ.